ಮನೆಯಲ್ಲಿ ಮಾಡಿದ ಮೆಟಲ್ ಇನ್‌ಸ್ಟ್ರುಮೆಂಟಲ್: ಗಿಟಾರ್ ಜೇನುಗೂಡಿನ ಥರ ಗುಂಯ್ ಅಂತಿದೆ, ದಾರಿ ಹೇಳಿ

ಡ್ರಾಪ್‌ಸಿ_ಹಾಸನ

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಒಂದು ಮೆಟಲ್ ಇನ್‌ಸ್ಟ್ರುಮೆಂಟಲ್ ಹಿಂದೆ ಬಿದ್ದಿದ್ದೀನಿ. ನಾಲ್ಕು ನಿಮಿಷದ ಟ್ರ್ಯಾಕ್, 140 ಬಿಪಿಎಂ (ನಿಮಿಷಕ್ಕೆ 140 ಬೀಟ್), ಡ್ರಾಪ್ ಸಿ ಟ್ಯೂನಿಂಗ್, ಅಂದರೆ ಕೆಳಗಿನ ದಪ್ಪ ತಂತಿ ಸಿ ಸ್ವರಕ್ಕೆ ಇಳಿದಿದೆ. ಹಾಡೋರು ಯಾರೂ ಇಲ್ಲ, ಹೇಳೋದನ್ನೆಲ್ಲ ಗಿಟಾರೇ ಹೇಳಬೇಕು. ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಚೆನ್ನಾಗಿ ಕೂತಿವೆ, ಡ್ರಮ್ಸ್ ಪ್ರೋಗ್ರಾಂ ಮಾಡಿ ಆಗಿದೆ, ಬೇಸ್ ಗಿಟಾರನ್ನ ಗೆಳೆಯನ ಹತ್ತಿರ ಕೇಳಿ ತಂದು ನುಡಿಸಿದ್ದೀನಿ. ಮಿಕ್ಸ್‌ಗೆ ಕೂತಾಗ ಮಾತ್ರ ಗಿಟಾರ್ ಕೈಗೆ ಸಿಗ್ತಿಲ್ಲ.

ಒಂಟಿಯಾಗಿ ಹಾಕಿದರೆ ಹೆಡ್‌ಫೋನಲ್ಲಿ ಬೆಟ್ಟದಂಥ ಟೋನ್. ಡ್ರಮ್ಸ್ ಸೇರಿಸಿದ ತಕ್ಷಣ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅನ್ನುತ್ತೆ, ರಿಫ್‌ನ ಏಟುಗಳು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಕಾರಲ್ಲಿ ಕೇಳಿದರೆ ರಾಡಿ. ಫೋನ್ ಸ್ಪೀಕರಲ್ಲಿ ಗಿಟಾರ್ ಅರ್ಧ ಮಾಯ.

ನನ್ನ ಹತ್ತಿರ ಇರೋದು: ಎರಡು ಹಂಬಕರ್ ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಇರುವ 24.75 ಇಂಚು ಸ್ಕೇಲ್ ಗಿಟಾರ್, 10-46 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ಅಳತೆ), ಎರಡು ಇನ್‌ಪುಟ್ ಇಂಟರ್‌ಫೇಸ್, ರೀಪರ್ ರೆಕಾರ್ಡಿಂಗ್ ಸಾಫ್ಟ್‌ವೇರ್, ಒಂದು ಉಚಿತ ಆಂಪ್ ಪ್ಲಗಿನ್, ಅದರ ನಂತರ ಕ್ಯಾಬಿನೆಟ್ ಐಆರ್ (ಸ್ಪೀಕರ್ ಮತ್ತು ಮೈಕ್‌ನ ಸದ್ದಿನ ಅಚ್ಚು ಇರುವ ಫೈಲ್). ಗೇನ್ (ಒರಟುತನದ ಮಟ್ಟ) ಎಂಟೂವರೆಯಲ್ಲಿದೆ, ಮಿಡ್ (ನಡುವಿನ ಕಂಪನಗಳು) ಮೂರರಲ್ಲಿ. ರಿದಮ್ ಒಂದು ಸಲ ರೆಕಾರ್ಡ್ ಮಾಡಿ, ಅದನ್ನೇ ಕಾಪಿ ಮಾಡಿ, 15 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳಿ, ಒಂದನ್ನ ಪೂರ್ತಿ ಎಡಕ್ಕೆ ಇನ್ನೊಂದನ್ನ ಪೂರ್ತಿ ಬಲಕ್ಕೆ ಹಾಕಿದ್ದೀನಿ. ಆಗಾಗ ಒಂದು ಝೇಂಕಾರವೂ ಸೇರಿಕೊಳ್ಳುತ್ತೆ, ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಗೊತ್ತಾಗಲ್ಲ. ದುಡ್ಡು ಕೊಟ್ಟು ಒಳ್ಳೆ ಪ್ಲಗಿನ್ ತಗೊಂಡರೆ ಸರಿಹೋಗುತ್ತಾ?

ತಂತಿ_ತಮ್ಮಯ್ಯ

ಪ್ಲಗಿನ್‌ಗೆ ದುಡ್ಡು ಹಾಕಬೇಡಿ. ನೀವು ಬರೆದಿರುವುದರಲ್ಲೇ ಎರಡು ಕಾರಣ ಇದೆ.

ಮೊದಲನೆಯದು ಆ ಕಾಪಿ. ಒಂದೇ ನುಡಿಸಾಣಿಕೆಯನ್ನು ಎರಡು ಕಡೆ ಹಾಕಿದರೆ ಅದು ಎರಡು ಗಿಟಾರ್ ಆಗುವುದಿಲ್ಲ. ತಡ ಮಾಡಿದ್ದರಿಂದ ಹೆಡ್‌ಫೋನಿನಲ್ಲಿ ಅಗಲವಾಗಿದೆ ಅನಿಸುತ್ತದೆ, ಆದರೆ ಎಡ ಬಲ ಸೇರಿ ಮೋನೋ ಆದಲ್ಲೆಲ್ಲ ಎರಡೂ ಒಂದನ್ನೊಂದು ತಿನ್ನುತ್ತವೆ. 15 ಮಿಲಿಸೆಕೆಂಡ್ ತಡಕ್ಕೆ ಲೆಕ್ಕ ಹಾಕಿ ನೋಡಿ: 33 ಹರ್ಟ್ಜ್‌ನಲ್ಲಿ ಒಂದು ಗುಂಡಿ, 100ರಲ್ಲಿ ಇನ್ನೊಂದು, 167ರಲ್ಲಿ ಮತ್ತೊಂದು, ಹೀಗೆ ಬಾಚಣಿಗೆಯ ಹಲ್ಲಿನ ಹಾಗೆ ಮೇಲಿನವರೆಗೂ. 100 ಹರ್ಟ್ಜ್ ಎಂದರೆ ಪಾಮ್ ಮ್ಯೂಟ್‌ನ (ಅಂಗೈ ಅಂಚಿನಿಂದ ತಂತಿ ಅದುಮಿ ಹೊಡೆಯುವುದು) ಗುದ್ದು ಇರುವ ಜಾಗ. ಫೋನಿನಲ್ಲಿ ಗಿಟಾರ್ ಅರ್ಧ ಮಾಯವಾಗುವುದೂ ಇದೇ ಬಾಚಣಿಗೆಯಿಂದ.

ರಿಫ್ ಅನ್ನು ಎರಡು ಸಲ ನುಡಿಸಲೇಬೇಕು. ಎಡಕ್ಕೆ ಒಂದು ಸಲ, ಬಲಕ್ಕೆ ಇನ್ನೊಂದು ಸಲ. ಎರಡರ ನಡುವೆ ಬರುವ ಕೂದಲೆಳೆಯ ವ್ಯತ್ಯಾಸವೇ ಆ ಅಗಲ. ಅದನ್ನು ಯಾವ ಪ್ಲಗಿನ್ನೂ ನಿಮ್ಮ ಕೈಯಷ್ಟು ಚೆನ್ನಾಗಿ ಕೊಡುವುದಿಲ್ಲ. ನಾಲ್ಕು ನಾಲ್ಕು ಬಾರ್ ಹಿಡಿದು ಕ್ಲಿಕ್‌ಗೆ (ತಾಳ ಹಾಕುವ ಮೆಟ್ರೋನೋಮ್‌ಗೆ) ಸರಿಯಾಗಿ ನುಡಿಸಿ, ಸರಿ ಬರದಿದ್ದರೆ ಅಳಿಸಿ ಮತ್ತೆ ನುಡಿಸಿ. ವೇವ್‌ಫಾರ್ಮ್ ಎಳೆದು ಎಳೆದು ಜೋಡಿಸುವ ಅಭ್ಯಾಸ ಈಗಲೇ ಬೇಡ.

ಎರಡನೆಯದು ಗೇನ್. ಎಂಟೂವರೆ ತುಂಬಾ ಜಾಸ್ತಿ. ಒಬ್ಬರೇ ಕೂತು ನುಡಿಸುವಾಗ ಗೇನ್ ಕೈಗೆ ಹಿತವಾಗಿರುತ್ತದೆ, ತಪ್ಪುಗಳನ್ನೂ ಮುಚ್ಚುತ್ತದೆ. ರೆಕಾರ್ಡಿಂಗ್‌ನಲ್ಲಿ ಎರಡು ಗಿಟಾರ್ ಸೇರಿದಾಗ ಒರಟುತನ ತಾನಾಗಿ ಕೂಡಿಕೊಳ್ಳುತ್ತದೆ. ಐದಕ್ಕೆ ಇಳಿಸಿ. ಒಂಟಿಯಾಗಿ ಕೇಳುವಾಗ ಸ್ವಲ್ಪ ಸಪ್ಪೆ ಅನಿಸಬೇಕು, ಅಷ್ಟಿದ್ದರೆ ಸರಿ. ಮಿಡ್ ಅನ್ನು ಐದಾರಕ್ಕೆ ಏರಿಸಿ. ಗಿಟಾರ್ ಬದುಕುವುದೇ ಮಿಡ್‌ನಲ್ಲಿ. ಅದನ್ನು ಕೆತ್ತಿ ತೆಗೆದರೆ ಉಳಿಯುವ ಲೋ ಜಾಗವನ್ನು ಕಿಕ್ ಮತ್ತು ಬೇಸ್ ತಗೊಳ್ಳುತ್ತವೆ, ಹೈ ಜಾಗವನ್ನು ಸಿಂಬಲ್ ತಗೊಳ್ಳುತ್ತದೆ.

ಆಂಪ್‌ಗಿಂತ ಮೊದಲು ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಪೆಡಲ್ ಪ್ಲಗಿನ್ ಇಡಿ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಆ ಸರ್ಕ್ಯೂಟ್ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದನ್ನು ಕಮ್ಮಿ ಹಿಗ್ಗಿಸುತ್ತದೆ. ಹಾಗಾಗಿ ಆಂಪ್‌ಗೆ ಹೋಗುವ ಮೊದಲೇ ಲೋ ಬಿಗಿಯಾಗುತ್ತದೆ. ಲೋ ಒಮ್ಮೆ ಡಿಸ್ಟಾರ್ಷನ್ ಒಳಗೆ ಹೋಗಿ ಕಲಸಿಹೋದರೆ ಆಮೇಲೆ ಈಕ್ಯೂ (ಲೋ, ಮಿಡ್, ಹೈ ಏರಿಳಿಸುವ ಸಾಧನ) ಹಾಕಿ ಬಿಡಿಸಲು ಆಗುವುದಿಲ್ಲ.

ಫಜ್_ಕೊಪ್ಪ

ಝೇಂಕಾರದ ಬಗ್ಗೆ: ನಿಮ್ಮ ರೂಮಿನ ಫ್ಯಾನ್ ರೆಗ್ಯುಲೇಟರ್ ಯಾವ ಥರದ್ದು? ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆದರೆ ಅದು ಕರೆಂಟಿನ ಅಲೆಯನ್ನ ಕತ್ತರಿಸಿ ಫ್ಯಾನಿಗೆ ಕೊಡುತ್ತೆ, ಆ ಕತ್ತರಿಸಿದ ಸದ್ದು ಪಿಕಪ್‌ಗೆ ಸೀದಾ ಬರುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಿದ ಟ್ರ್ಯಾಕ್‌ಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಅದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಒಂದು ಸಲ ನೋಡಿ. ಗಿಟಾರ್ ಹಿಡಿದು ಕುರ್ಚಿಯಲ್ಲಿ ಮೆಲ್ಲಗೆ ಸುತ್ತಿ, ಸದ್ದು ಕಮ್ಮಿಯಾಗುವ ದಿಕ್ಕು ಸಿಗುತ್ತೆ, ಆ ಕಡೆಗೇ ಮುಖ ಮಾಡಿ ಕೂತು ರೆಕಾರ್ಡ್ ಮಾಡಿ. ಯಾರೋ ಹೇಳಿದರು ಅಂತ ಪ್ಲಗ್‌ನ ಅರ್ಥ್ ಪಿನ್ ಮಾತ್ರ ತೆಗೀಬೇಡಿ, ಜೀವಕ್ಕೆ ಅಪಾಯ.

ಹುಬ್ಬಳ್ಳಿ_ಡೌನ್‌ಪಿಕ್

ತಮ್ಮಯ್ಯನವರು ಹೇಳಿದ್ದು ಖರೇ ಐತಿ. ಆದ್ರ ಅದಕ್ಕಿಂತ ಮೊದ್ಲ ತಂತಿ ನೋಡ್ರಿ. 24.75 ಇಂಚಿನ ಗಿಟಾರಿಗೆ 46ರ ತಂತಿ ಹಾಕಿ ಸಿ ತನಕ ಇಳಿಸಿದ್ರ ಅದು ಅರಿವಿ ಒಣಗ್ಸೋ ಹಗ್ಗದಂಗ ಜೋಲಾಡ್ತೈತಿ. ಜೋರಾಗಿ ಹೊಡದಾಗ ಸ್ವರ ಮ್ಯಾಲೇರಿ ಆಮ್ಯಾಲೆ ಕೆಳಗ ಇಳಿತೈತಿ. ಎಡಗಡೆ ಗಿಟಾರ್ ಒಂದಿಷ್ಟು ಏರಿರ್ತೈತಿ, ಬಲಗಡೆದು ಇನ್ನೊಂದಿಷ್ಟು. ನೀವು ಅದಕ್ಕ ಮಿಕ್ಸ್ ರಾಡಿ ಆತು ಅಂತೀರಿ, ಅಸಲಿಗೆ ಅದು ಶ್ರುತಿ ತಪ್ಪಿದ್ದು. 11-56 ಇಲ್ಲಾ 12-60 ಹಾಕ್ರಿ. ನಟ್‌ನ್ಯಾಗ ತಂತಿ ಕೂಡೋ ಕಚ್ಚು ಸಣ್ಣದಾದ್ರ ಅಂಗಡ್ಯಾಗ ಕೊಟ್ಟು ಅರಾ ಹಾಕಿಸ್ರಿ, ಇಂಟೋನೇಷನ್ (ಎಲ್ಲಾ ಫ್ರೆಟ್‌ನ್ಯಾಗೂ ಶ್ರುತಿ ಸರಿ ಇರೂದು) ಮತ್ತ ಹೊಂದಿಸ್ರಿ.

ಇನ್ನೊಂದು ಮಾತು. ಟ್ಯೂನರ್ ಮುಂದ ತಂತಿ ಮೆಲ್ಲಕ ಮೀಟಿ ಟ್ಯೂನ್ ಮಾಡಬ್ಯಾಡ್ರಿ. ರಿಫ್‌ನ್ಯಾಗ ಎಷ್ಟು ಜೋರ್ ಹೊಡೀತೀರಿ ಅಷ್ಟ ಜೋರ್ ಹೊಡದು ಮುಳ್ಳು ನೋಡ್ರಿ. ಪ್ರತಿ ಟೇಕ್‌ಗೂ ಟ್ಯೂನ್ ಮಾಡ್ರಿ. ಬ್ಯಾಸರ ಆಗತೈತಿ, ಆದ್ರೂ ಮಾಡ್ರಿ.

ಡ್ರಾಪ್‌ಸಿ_ಹಾಸನ

ಹತ್ತು ದಿನ ಆಯ್ತು, ಹೇಳಿದ್ದನ್ನೆಲ್ಲ ಮಾಡಿದೆ. ಝೇಂಕಾರ ಫ್ಯಾನ್ ರೆಗ್ಯುಲೇಟರ್‌ದೇ. ಎರಡರಲ್ಲಿಟ್ಟರೆ ಜೋರು, ಆರಿಸಿದರೆ ಮೌನ. ಈಗ ರಾತ್ರಿ ಊಟ ಆದಮೇಲೆ ಫ್ಯಾನ್ ಆರಿಸಿ ಕೂರ್ತೀನಿ.

12-60 ಹಾಕಿಸಿದೆ. ಮೊದಲ ರಿಫ್ ಎಂಟು ಬಾರ್, ಗ್ಯಾಲಪ್ ಪಿಕಿಂಗ್ (ಕುದುರೆ ಓಟದ ಲಯದ ಹೊಡೆತ). ಎಡಗಡೆಯದು ಹನ್ನೆರಡನೇ ಟೇಕ್‌ಗೆ ಬಂತು. ಬಲಗಡೆಯದಕ್ಕೆ ನಲವತ್ತು ದಾಟಿತು. ಐದನೇ ಬಾರ್‌ಗೆ ಬಂದಾಗ ಏನೋ ಸಡಿಲವಾಗ್ತಿತ್ತು, ಏನು ಅಂತ ತಿಳೀಲಿಲ್ಲ. ಕೊನೆಗೆ ಕ್ಲಿಕ್ ಬಿಟ್ಟು ಕೈಯನ್ನೇ ನೋಡ್ತಾ ನುಡಿಸಿದೆ. ಅಲ್ಲಿ ಪವರ್ ಕಾರ್ಡ್‌ಗೆ ಹೋಗುವಾಗ ಬಲಗೈ ಅಂಗೈಯ ಅಂಚು ಬ್ರಿಡ್ಜ್ ಮೇಲಿಂದ ಒಂದು ಅಕ್ಕಿಕಾಳಿನಷ್ಟು ಮುಂದೆ ಸರೀತಿತ್ತು. ಅಷ್ಟು ಸರಿದರೆ ತಂತಿ ಉಸಿರು ಕಟ್ಟಿ ‘ಟಪ್’ ಅನ್ನುತ್ತೆ. ಹಿಂದಕ್ಕೆ ಬಂದರೆ ‘ಧುಂ’ ಅಂತ ತೆರೆದುಕೊಳ್ಳುತ್ತೆ. ಗೇನ್ ಎಂಟೂವರೆ ಇದ್ದಾಗ ಎರಡೂ ಒಂದೇ ಥರ ಕೇಳ್ತಿತ್ತು, ಐದಕ್ಕೆ ಇಳಿಸಿದ ಮೇಲೆ ಬೇರೆ ಬೇರೆ ಕೇಳಿಸ್ತು. ಮಣಿಕಟ್ಟು ಕದಲದ ಹಾಗೆ ಎರಡು ರಾತ್ರಿ ಬರೀ ಆ ಜಾಗ ಅಭ್ಯಾಸ ಮಾಡಿದೆ.

ಎಡ ಬಲ ಎರಡೂ ಸೇರಿಸಿ ಪ್ಲೇ ಒತ್ತಿದಾಗ ರೂಮಿನ ಗೋಡೆಗಳು ಎರಡು ಕಡೆಗೂ ಸರಿದ ಹಾಗಾಯ್ತು. ಆರು ತಿಂಗಳಲ್ಲಿ ಮೊದಲ ಸಲ ನನ್ನ ರಿಫ್ ನನಗೆ ಕೇಳಿಸ್ತು. ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಈಗ ಉಳಿದಿರೋದು: ಡ್ರಮ್ಸ್ ಜೊತೆ ಸ್ಪಷ್ಟವಾಗಿದೆ, ಆದರೆ ತೆಳು. ತೂಕ ಇಲ್ಲ. ಇನ್ನೂ ಎರಡು ಟ್ರ್ಯಾಕ್ ಸೇರಿಸಿ ನಾಲ್ಕು ಮಾಡಲಾ?

ಕಬ್ಬಿಣದ_ಕಡಲೆ

ಮಾಡಿ. ನಾನು ಯಾವಾಗಲೂ ನಾಲ್ಕೇ ಮಾಡೋದು. ಎರಡು ನೂರಕ್ಕೆ ನೂರು ಎಡ ಬಲ, ಇನ್ನೆರಡು ಬೇರೆ ಆಂಪ್‌ನಲ್ಲಿ ಎಂಬತ್ತಕ್ಕೆ. ಎರಡರಲ್ಲಿ ಬರದ ದಪ್ಪ ನಾಲ್ಕರಲ್ಲಿ ಬರುತ್ತೆ.

ತಂತಿ_ತಮ್ಮಯ್ಯ

ಗ್ಯಾಲಪ್ ರಿಫ್‌ಗೆ ಬೇಡ ಎನ್ನುತ್ತೇನೆ. 140ರಲ್ಲಿ ಹದಿನಾರನೇ ಸ್ವರಗಳು ಒಂದೊಂದೂ ಸುಮಾರು 107 ಮಿಲಿಸೆಕೆಂಡ್. ನಾಲ್ಕು ಟ್ರ್ಯಾಕ್‌ನಲ್ಲಿ ಒಂದೊಂದೂ ಹತ್ತು ಹದಿನೈದು ಮಿಲಿಸೆಕೆಂಡ್ ಆಚೀಚೆ ಇದ್ದರೂ ಏಟಿನ ಅಂಚು ಸವೆದುಹೋಗುತ್ತದೆ. ಪಿಕ್ ತಂತಿಗೆ ತಾಗುವ ಆ ಚೂಪು ಹೋದರೆ ಎಷ್ಟು ದಪ್ಪ ಇದ್ದು ಏನು ಬಂತು?

ಕಬ್ಬಿಣದ_ಕಡಲೆ

ಒಪ್ಪಿದೆ, ಗ್ಯಾಲಪ್ ಜಾಗದಲ್ಲಿ ಎರಡೇ ಸಾಕು. ನಾನು ನುಡಿಸೋದು ಡೂಮ್ ಮೆಟಲ್, ನಿಧಾನ, ಅಲ್ಲಿ ಈ ತೊಂದರೆ ಬರಲ್ಲ. ಹಾಸನದವರೇ, ನಿಮ್ಮ ಟ್ರ್ಯಾಕ್‌ನಲ್ಲಿ ಕಾರ್ಡ್ ಉದ್ದಕ್ಕೆ ಬಿಟ್ಟು ನಿಲ್ಲಿಸುವ ಜಾಗ ಇದ್ದರೆ ಅಲ್ಲಿ ಮಾತ್ರ ನಾಲ್ಕು ಮಾಡಿ. ಸೇರಿಸಿದ ಎರಡರ ಗೇನ್ ಇನ್ನೂ ಇಳಿಸಿ, ಮಟ್ಟ ಆರು ಡೆಸಿಬೆಲ್ ಕೆಳಗಿಡಿ. ಎರಡರಿಂದ ನಾಲ್ಕಕ್ಕೆ ಹೋಗುವ ಕ್ಷಣದಲ್ಲಿ ಟ್ರ್ಯಾಕ್ ತಾನೇ ಎದ್ದು ನಿಲ್ಲುತ್ತೆ.

ಕೆಳಸ್ವರ

ತೂಕ ಇಲ್ಲ ಅನ್ನೋ ಮಾತಿಗೆ ಬರ್ತೀನಿ. ಇಷ್ಟು ಹೊತ್ತೂ ಯಾರೂ ಬೇಸ್ ಬಗ್ಗೆ ಮಾತಾಡಿಲ್ಲ, ನನಗೆ ಅದೇ ಬೇಜಾರು. ಮೆಟಲ್ ಗಿಟಾರ್ ಅಂತ ನಾವು ಕೇಳೋದರ ಕೆಳಗಿನ ಅರ್ಧ ಬೇಸ್ ಗಿಟಾರ್. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಗುಂಪಿನ ನಡುವೆ ನಿಂತಿದ್ದೆ. ಎದೆಗೆ ಬಡೀತಿದ್ದದ್ದು ಗಿಟಾರ್ ಅಂತಲೇ ಅಂದುಕೊಂಡಿದ್ದೆ. ಒಂದು ಕಡೆ ಬೇಸ್ ನಿಂತು ಗಿಟಾರ್ ಮಾತ್ರ ಉಳಿದಾಗ ಎದೆ ಖಾಲಿ ಆಯ್ತು. ಅದೇ ಬ್ಯಾಂಡಿನ 1988ರ ಆಲ್ಬಂ ಹಾಕಿ ಕೇಳಿ, ಬೇಸ್ ಇದೆಯೋ ಇಲ್ಲವೋ ಅನ್ನುವಷ್ಟು ಕೆಳಗಿದೆ. ಆ ಗಿಟಾರ್‌ಗಳು ಅಷ್ಟು ಒಣಗಿ ಚೂಪಾಗಿ ಕೇಳೋದಕ್ಕೆ ಅದೇ ದೊಡ್ಡ ಕಾರಣ. ಅವರ ರಿಫ್‌ಗಳಿಗೆ ಅದು ಹೊಂದಿತು ಅನ್ನೋರೂ ಇದ್ದಾರೆ, ನನಗೆ ಇವತ್ತಿಗೂ ನಷ್ಟ ಅಂತಲೇ ಅನಿಸುತ್ತೆ.

ಲೆಕ್ಕ ನೋಡಿ. ಡ್ರಾಪ್ ಸಿ ಗಿಟಾರ್‌ನ ಕೆಳಗಿನ ತಂತಿ 65.4 ಹರ್ಟ್ಜ್. ಬೇಸ್ ಅದರ ಒಂದು ಸ್ಥಾಯಿ ಕೆಳಗೆ, 32.7. ಬೇಸ್‌ನ ಎರಡನೇ ಹಾರ್ಮೋನಿಕ್ (ಮೂಲಸ್ವರದ ಎರಡರಷ್ಟು ಕಂಪನ) ಎಲ್ಲಿ ಬರುತ್ತೆ? ಸರಿಯಾಗಿ 65.4ರಲ್ಲಿ, ಗಿಟಾರ್‌ನ ಮೂಲಸ್ವರದ ಮೇಲೆ. ಅದಕ್ಕೇ ಗಿಟಾರ್‌ಗೆ 80ರಿಂದ 100ರ ನಡುವೆ ಲೋ ಕಟ್ ಹಾಕಿದರೂ ಏನೂ ಕಳಕೊಳ್ಳಲ್ಲ. ನೀವು ಗಿಟಾರಿಂದ ತೆಗೆದದ್ದನ್ನ ಬೇಸ್ ಅದೇ ಜಾಗದಲ್ಲಿ ವಾಪಸ್ ಕೊಡುತ್ತೆ, ಇನ್ನೂ ಗಟ್ಟಿಯಾಗಿ.

ಬೇಸ್ ಡಿಐ ಟ್ರ್ಯಾಕನ್ನ (ಆಂಪ್ ಇಲ್ಲದೆ ನೇರವಾಗಿ ರೆಕಾರ್ಡ್ ಆದದ್ದು) ಎರಡು ಮಾಡಿ. ಒಂದರಲ್ಲಿ 200 ಹರ್ಟ್ಜ್‌ಗಿಂತ ಮೇಲಿನದೆಲ್ಲ ತೆಗೆದು, ಕಂಪ್ರೆಸರ್‌ನಿಂದ ಚೆನ್ನಾಗಿ ಒತ್ತಿ ಕದಲದ ಹಾಗೆ ನಿಲ್ಲಿಸಿ. ಇನ್ನೊಂದರಲ್ಲಿ 200ರ ಕೆಳಗಿನದು ತೆಗೆದು ಡಿಸ್ಟಾರ್ಷನ್ ಹಾಕಿ, ಮೇಲೆ 5 ಕಿಲೋಹರ್ಟ್ಜ್‌ನಲ್ಲಿ ಮುಚ್ಚಿ. ಈ ಒರಟು ಟ್ರ್ಯಾಕ್ ಗಿಟಾರ್‌ಗೂ ಕೆಳಗಿನ ಬೇಸ್‌ಗೂ ನಡುವೆ ಗಾರೆ ಇದ್ದ ಹಾಗೆ. ಒಂಟಿಯಾಗಿ ಕೇಳೋಕೆ ಅಸಹ್ಯವಾಗಿರುತ್ತೆ, ಹೆದರಬೇಡಿ. ಆ ಟ್ರ್ಯಾಕ್‌ನ ಫೇಸ್ ಬಟನ್ (ಅಲೆಯನ್ನ ತಲೆಕೆಳಗು ಮಾಡೋದು) ಒಮ್ಮೆ ತಿರುಗಿಸಿ ನೋಡಿ, ಯಾವ ಕಡೆ ದಪ್ಪ ಕೇಳುತ್ತೋ ಆ ಕಡೆ ಬಿಡಿ. ಬೇಸ್‌ನಲ್ಲೂ ರಿಫ್‌ನ ಏಟುಗಳು ಗಿಟಾರ್ ಜೊತೆಗೇ ಬೀಳಬೇಕು, ಬಲಗಡೆ ಗಿಟಾರ್‌ಗೆ ಪಟ್ಟ ಕಷ್ಟವನ್ನೇ ಇಲ್ಲೂ ಪಡಿ.

ಇನ್ನೊಂದು ಎಚ್ಚರ. ರಾತ್ರಿ ಮನೆಯವರಿಗೆ ತೊಂದರೆ ಬೇಡ ಅಂತ ಮೆಲ್ಲಗೆ ಕೇಳ್ತಾ ಮಿಕ್ಸ್ ಮಾಡ್ತೀರಲ್ಲ, ಸಣ್ಣ ವಾಲ್ಯೂಮಿನಲ್ಲಿ ಕಿವಿಗೆ ಲೋ ಕಮ್ಮಿ ಕೇಳುತ್ತೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. ರಾತ್ರಿ ಏರಿಸಿದ ಲೋ ಬೆಳಗ್ಗೆ ಕಾರಲ್ಲಿ ರಾಡಿ ಆಗೋದು ಹೀಗೆ. ನಿಮಗಿಷ್ಟವಾದ ಬ್ಯಾಂಡಿನ ಒಂದು ಟ್ರ್ಯಾಕನ್ನ ಪ್ರಾಜೆಕ್ಟ್ ಒಳಗೇ ಇಟ್ಟುಕೊಳ್ಳಿ. ಅದು ಮಾಸ್ಟರ್ ಆಗಿರೋದರಿಂದ ಜೋರಿರುತ್ತೆ, ನಿಮ್ಮ ಮಿಕ್ಸ್‌ನಷ್ಟೇ ಕೇಳುವ ಹಾಗೆ ಇಳಿಸಿ, ಆಮೇಲೆ ಹೋಲಿಸಿ.

ಫಜ್_ಕೊಪ್ಪ

ಈಕ್ಯೂ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮೇಲಿನ ‘ಸ್‌ಸ್’ ಸದ್ದನ್ನ ಕೊಲ್ಲೋಕೆ 4ರಿಂದ 8 ಕಿಲೋಹರ್ಟ್ಜ್ ನಡುವೆ ಐದಾರು ಸಣ್ಣ ಸಣ್ಣ ಕಟ್ ಹಾಕೋರನ್ನ ನೋಡಿದ್ದೀನಿ, ನಾನೂ ಹಾಕ್ತಿದ್ದೆ. ಅಷ್ಟು ಕಟ್ ಬೇಕಾಗ್ತಿದೆ ಅಂದರೆ ಐಆರ್ ತಪ್ಪಿದೆ ಅಂತ. ಅದನ್ನ ಬದಲಾಯಿಸಿ. ಮೈಕ್ ಸ್ಪೀಕರ್‌ನ ನಟ್ಟ ನಡುವೆ ಇಟ್ಟ ಐಆರ್ ಚುಚ್ಚುತ್ತೆ, ಅಂಚಿಗೆ ಹೋದಷ್ಟೂ ಮಂಕಾಗುತ್ತೆ. ನಡುವಿನ ಗುಬ್ಬಟೆಯ ಅಂಚಿನಲ್ಲಿ ಶೂರ್ ಎಸ್‌ಎಂ57 ಮೈಕ್ ಇಟ್ಟ, ವಿಂಟೇಜ್ 30 ಸ್ಪೀಕರ್‌ನ ಐಆರ್ ಒಂದರಿಂದ ಶುರು ಮಾಡಿ. ಮೆಟಲ್ ರಿದಮ್‌ಗೆ ಎಷ್ಟೋ ರೆಕಾರ್ಡುಗಳಲ್ಲಿ ಕೇಳಿರುವ ಸದ್ದು ಅದೇ. ಆಂಪ್ ಬದಲಾಯಿಸಬೇಕು ಅನಿಸಿದರೆ ನ್ಯೂರಲ್ ಆಂಪ್ ಮಾಡೆಲರ್ ಇದೆ, ಉಚಿತ, ನಿಜವಾದ ಆಂಪ್‌ಗಳ ಕ್ಯಾಪ್ಚರ್‌ಗಳನ್ನ ಜನ ಹಂಚಿಕೊಂಡಿದ್ದಾರೆ. ಡಿಐ ಉಳಿಸಿಕೊಂಡಿದ್ದರೆ ಮತ್ತೆ ನುಡಿಸೋದೇ ಬೇಡ, ಆಂಪ್ ಮಾತ್ರ ಬದಲಾಗುತ್ತೆ. ಡಿಐ ರೆಕಾರ್ಡ್ ಮಾಡುವಾಗ ಇಂಟರ್‌ಫೇಸ್‌ನ ‘ಇನ್‌ಸ್ಟ್’ ಬಟನ್ ಒತ್ತಿರಬೇಕು, ಜೋರಾದ ಏಟು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಾಕು.

ವಕುಳ

ನಾನು ಪಿಟೀಲು ಕಲಿತವಳು, ಮೆಟಲ್ ಕೇಳುವವಳು. ನೀವು ಹಾಕಿದ ಹೊಸ ಮಿಕ್ಸ್ ಮೂರು ಸಲ ಕೇಳಿದೆ. ನಡುವಿನ ಲೀಡ್ ಗಿಟಾರ್ ವಕುಳಾಭರಣ ರಾಗದ ಸ್ವರಗಳಲ್ಲಿದೆ, ಗೊತ್ತಿದ್ದೇ ಮಾಡಿದಿರೋ ಏನೋ. ಕರ್ನಾಟಕ ಸಂಗೀತದ 14ನೇ ಮೇಳ. ಗಿಟಾರ್‌ನವರು ಫ್ರಿಜಿಯನ್ ಡಾಮಿನೆಂಟ್ ಅನ್ನುವುದೂ ಇದೇ ಏಳು ಸ್ವರ. ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಜಾರುವ ಜಾಗ ಮೈ ಜುಮ್ ಅನ್ನಿಸಿತು.

ಆದರೆ ಆ ಲೀಡನ್ನೂ ಡಬಲ್ ಮಾಡಿದ್ದೀರಿ. ರಿದಮ್‌ಗೆ ಸರಿಹೋದದ್ದು ಇಲ್ಲಿ ಸರಿಹೋಗುತ್ತಿಲ್ಲ. ರಿಫ್‌ನಲ್ಲಿ ಸ್ವರಗಳು ಫ್ರೆಟ್ ಮೇಲೆ ನಿಂತಿರುತ್ತವೆ. ಲೀಡ್‌ನಲ್ಲಿ ನೀವು ತಂತಿ ಎಳೆದು ಗಮಕ ಕೊಡುತ್ತಿದ್ದೀರಿ, ಒಂದು ಸಲ ಎಳೆದ ಹಾಗೆ ಇನ್ನೊಂದು ಸಲ ಎಳೆಯಲು ಆಗುವುದಿಲ್ಲ. ಎರಡು ಗಮಕ ಒಂದರ ಮೇಲೊಂದು ಬಿದ್ದು ರಿಷಭ ಕದಡಿಹೋಗಿದೆ. ಒಂದನ್ನು ತೆಗೆದು ಇನ್ನೊಂದನ್ನು ನಡುವೆ ಒಂಟಿಯಾಗಿ ಬಿಡಿ. ಹಾಡುವವರಿಲ್ಲ ಅಂದಿರಲ್ಲ, ಹಾಡುತ್ತಿರುವುದು ಅದೇ.

ತಂತಿ_ತಮ್ಮಯ್ಯ

ವಕುಳ ಅವರ ಮಾತು ನೂರಕ್ಕೆ ನೂರು ಸರಿ. ಲೀಡ್ ಬರುವ ಜಾಗದಲ್ಲಿ ಮಾತ್ರ ಎರಡೂ ರಿದಮ್ ಗಿಟಾರ್‌ಗೆ 1.5ರಿಂದ 2 ಕಿಲೋಹರ್ಟ್ಜ್ ಸುತ್ತ ಎರಡು ಡೆಸಿಬೆಲ್ ಇಳಿಸಿ, ಲೀಡ್ ಜೋರು ಮಾಡದೆಯೇ ಮುಂದೆ ಬರುತ್ತದೆ. ರಿವರ್ಬ್ ಸುರಿಯುವ ಬದಲು ಡಿಲೇ ಹಾಕಿ. 140 ಬಿಪಿಎಂಗೆ ಡಾಟೆಡ್ ಎಂಟನೇ ಸ್ವರ 321 ಮಿಲಿಸೆಕೆಂಡ್. ಮರುದನಿಗಳ ಹೈ ಅನ್ನು 4 ಕಿಲೋಹರ್ಟ್ಜ್‌ನಲ್ಲಿ ಮುಚ್ಚಿದರೆ ಅವು ಲೀಡ್‌ನ ಹಿಂದೆ ಇರುತ್ತವೆ, ಮೇಲೆ ಬೀಳುವುದಿಲ್ಲ.

ಡ್ರಾಪ್‌ಸಿ_ಹಾಸನ

ವಕುಳ ಅವರೇ, ಆ ರಾಗದ ಹೆಸರು ನನಗೆ ಗೊತ್ತಿರಲಿಲ್ಲ. ಅಜ್ಜಿ ಬೆಳಗ್ಗೆ ರೇಡಿಯೋದಲ್ಲಿ ಕೇಳ್ತಿದ್ದದ್ದರಲ್ಲಿ ಈ ಜಾರುವಿಕೆ ಕಿವಿಯಲ್ಲಿ ಉಳಿದಿತ್ತು ಅನಿಸುತ್ತೆ. ಡಬಲ್ ತೆಗೆದೆ. ನೀವು ಹೇಳಿದ ರಿಷಭ ಈಗ ಒಂಟಿಯಾಗಿ ನಿಂತಿದೆ.

ಮಿಕ್ಸ್ ಈಗ ಹೀಗಿದೆ: ಗಿಟಾರ್‌ಗೆ 90ರಲ್ಲಿ ಲೋ ಕಟ್, 9 ಕಿಲೋಹರ್ಟ್ಜ್‌ನಲ್ಲಿ ಹೈ ಕಟ್, ಮಿಕ್ಕ ಈಕ್ಯೂ ಎಲ್ಲ ಕಿತ್ತುಹಾಕಿದೆ. ಐಆರ್ ಬದಲಾಯಿಸಿದ ಮೇಲೆ ಬೇಕಾಗಲಿಲ್ಲ. ಪಾಮ್ ಮ್ಯೂಟ್ ಬಿದ್ದಾಗ ಮಾತ್ರ 100ರಿಂದ 250 ಹರ್ಟ್ಜ್ ಉಬ್ಬುತ್ತಿತ್ತು, ಅಷ್ಟು ಭಾಗಕ್ಕೆ ಮಲ್ಟಿಬ್ಯಾಂಡ್ ಕಂಪ್ರೆಸರ್ ಇಟ್ಟಿದ್ದೀನಿ. ಕಾರ್ಡ್ ಬಿಟ್ಟಾಗ ಅದು ಸುಮ್ಮನಿರುತ್ತೆ. ಬೇಸ್ ಎರಡು ಭಾಗ ಮಾಡಿದೆ. ಕೆಳಸ್ವರ ಅವರೇ, ಆ ಒರಟು ಟ್ರ್ಯಾಕನ್ನ ಮ್ಯೂಟ್ ಮಾಡಿದರೆ ಗಿಟಾರೇ ಚಿಕ್ಕದಾದ ಹಾಗೆ ಕೇಳುತ್ತೆ, ಗಿಟಾರ್‌ನ ಫೇಡರ್ ನಾನು ಮುಟ್ಟಿಯೇ ಇಲ್ಲ! ಕೊನೆಯ ನಿಧಾನದ ಭಾಗದಲ್ಲಿ ನಾಲ್ಕು ಟ್ರ್ಯಾಕ್ ಮಾಡಿದ್ದೀನಿ. ಕಾರಲ್ಲಿ ಕೇಳಿದೆ, ಕಿಕ್ ಬೇರೆ ಬೇಸ್ ಬೇರೆ ತಿಳೀತು.

ಮಾಸ್ಟರ್ ಎಷ್ಟು ಜೋರು ಮಾಡಬೇಕು?

ಕಬ್ಬಿಣದ_ಕಡಲೆ

ಸ್ಪಾಟಿಫೈ ಹೇಗೂ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಇಳಿಸಿ ಕೇಳಿಸುತ್ತೆ. ಸ್ನೇರ್‌ನ ಏಟು ಚಪ್ಪಟೆಯಾಗೋಕೆ ಶುರುವಾದ ಕಡೆ ಲಿಮಿಟರ್ ನಿಲ್ಲಿಸಿ, ಸಂಖ್ಯೆ ನೋಡಬೇಡಿ.

ಹುಬ್ಬಳ್ಳಿ_ಡೌನ್‌ಪಿಕ್

ಕೇಳಿದೆ. ಭಾಳ ಚಲೋ ಬಂದೈತಿ, ಮೊದಲಿನ ಮಿಕ್ಸ್ ಮಾಡಿದಾವ ಬ್ಯಾರೆ ಇವ ಬ್ಯಾರೆ ಅನ್ನೂವಂಗ ಐತಿ. ಒಂದ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎರಡು ನಿಮಿಷ ಐವತ್ತು ಸೆಕೆಂಡಿನ್ಯಾಗ ಲೀಡ್ ಮುಗದು ರಿಫ್ ತಿರುಗಿ ಬರತೈತಲ್ಲ, ಅಲ್ಲಿ ಬಲಗಡೆ ಗಿಟಾರ್ ಸ್ನೇರ್‌ಗಿಂತ ಒಂದು ಎಳಿ ಮುಂದ ಬಂದೈತಿ. ಹೆಡ್‌ಫೋನ್ ಹಾಕ್ಕೊಂಡು ಬಲಗಡೆದು ಒಂದ ಕೇಳ್ರಿ.

ಡ್ರಾಪ್‌ಸಿ_ಹಾಸನ

ಕೇಳಿದೆ. ಹೌದು, ಅವಸರ ಮಾಡಿದ್ದೀನಿ. ಎಳೆದು ಜೋಡಿಸಲ್ಲ ಅಣ್ಣಾ, ಇವತ್ತು ರಾತ್ರಿ ಫ್ಯಾನ್ ಆರಿಸಿ ಆ ಎರಡು ಬಾರ್ ಮತ್ತೆ ನುಡಿಸ್ತೀನಿ.